ಟೀವಿ ಡಾಕ್ಟರಿಗಿ ನಾ ಹೇಳಿದ ಶಬ್ದ

ಇತ್ತಿತ್ತಲಾಗ ನಮ್ಮ ಕಡೆ ಎಲ್ಲಾರ ಕಿಸೆದಾಗೂ ಮೊಬೈಲ್ ಬಂದಾವು. ಚಾದ ಅಂಗಡಿ ಮುಂದ ಕುಂತವರು ಮಾತಾಡ್ತಾರ, ಇನ್ನ ಸ್ವಲ್ಪ ವರ್ಷಕ್ಕ ಡಾಕ್ಟರೂ ಇದರಾಗ ಬರ್ತಾನ, ಮಿರಜಕ್ಕ ಹೋಗೂದು ತಪ್ಪತೈತಿ, ಕುಂತಲ್ಲೇ ತೋರಿಸಬಹುದು ಅಂತ. ಬರಲಿ. ಬರಬೇಕು. ನಮ್ಮಂಥಾ ಊರಿಗಿ ಅದು ಬೇಕು. ಆದ್ರ ಆ ಮಾತು ಕಿವಿಗಿ ಬಿದ್ದಾಗೊಮ್ಮೆ ನಾ ಚಾ ಅರ್ಧಕ್ಕ ಬಿಟ್ಟು ಏಳ್ತೀನಿ. ಯಾಕಂದ್ರ ದೂರದ ಡಾಕ್ಟರಿಗೂ ಇಲ್ಲಿ ಪೇಶಂಟಿಗೂ ನಡುವ ಕುಂತು ಮಾತು ದಾಟಸೂ ಕೆಲಸ ನಾ ಎಷ್ಟೋ ವರ್ಷ ಮಾಡೀನಿ. ಹಂಗ ದಾಟಸುವಾಗ ಒಂದ ಒಂದು ಶಬ್ದ ತಪ್ಪಿತು. ಅದು ತಪ್ಪಿದ್ದು ನಮ್ಮ ವೈನಿ ಮುಂದ.

ವೈನಿ ಅಂದ್ರ ನಮ್ಮ ಅಣ್ಣನ ಹೆಂಡತಿ. ಅವ್ರು ಮದಿವಿ ಆಗಿ ನಮ್ಮ ಮನಿಗಿ ಬಂದಾಗ ನನಗ ಹನ್ನೆರಡು ವರ್ಷ. ಅವ್ವ ಇದ್ದಿದ್ದಿಲ್ಲ. ನಾ ಆಡು ಕಾಯ್ತಿದ್ನಿ, ಅಕ್ಷರ ಅಂದ್ರ ಏನಂತ ಗೊತ್ತಿದ್ದಿಲ್ಲ. ಬಂದು ಒಂದು ತಿಂಗಳಾಗಿರಬೇಕು, ವೈನಿ ಅಣ್ಣಗ ಅಂದ್ರು, "ಇಂವ ಸಾಲಿಗಿ ಹೋಗಾಂಗಿಲ್ಲಂದ್ರ ನಾನೂ ರೊಟ್ಟಿ ಬಡ್ಯಾಂಗಿಲ್ಲ. ಇಬ್ಬರೂ ಆಡಿನ ಹಾಲು ಕುಡದು ಇರ್ರಿ." ಎರಡು ದಿನ ಖರೇನ ಬಡೀಲಿಲ್ಲ. ಮೂರನೇ ದಿನ ನಾ ಕನ್ನಡ ಸಾಲ್ಯಾಗ ಒಂದನೇ ಇಯತ್ತಾದಾಗ ಸಣ್ಣ ಹುಡುಗರ ನಡುವ ಮೊಣಕಾಲು ಮಡಚಿ ಕುಂತಿದ್ನಿ. ಹತ್ತನೇತ್ತಾ ಪಾಸಾಗೂದ್ರಾಗ ನನಗ ದಪ್ಪನ್ನ ಮೀಸಿ ಬಂದಿದ್ವು. ಇದನ್ನ ಯಾಕ ಹೇಳಾಕತ್ತೀನಂದ್ರ, ನಾ ಕಲತಿದ್ದು ಎಲ್ಲಾ ಕನ್ನಡದಾಗ. ಮರಾಠಿ ನನಗ ಬಂದಿದ್ದು ಸಂತ್ಯಾಗ, ಎಸ್‌ಟಿ ಬಸ್ ಸ್ಟ್ಯಾಂಡಿನ್ಯಾಗ, ಕಚೇರಿ ಬಾಗಲದಾಗ. ಬರತೈತಿ ಅಂತ ತಿಳಕೊಂಡಿದ್ನಿ. ಮರಾಠಿ ರಾಜ್ಯಕ್ಕ ಸೇರಿದ ನಮ್ಮ ಜತ್ತ ತಾಲೂಕಿನ್ಯಾಗ ಎಲ್ಲಾರೂ ಹಂಗ ತಿಳಕೊಂಡಿರ್ತಾರ.

ತೊಂಬತ್ತರ ದಶಕದಾಗ ನಮ್ಮ ಊರ ಸ್ಟ್ಯಾಂಡ್ ಹತ್ರ ಒಂದು ಎಸ್‌ಟಿಡಿ ಬೂತ್ ಹಾಕಿದ್ನಿ. ಬೂತ್ ಅಂದ್ರ ಟೇಲರ್ ಚಾಚಾರ ಅಂಗಡ್ಯಾಗ ಒಂದು ಮೂಲಿ, ಗಾಜಿನ ಒಂದು ಡಬ್ಬಿ, ಅದರೊಳಗ ಫೋನು. ಚಾಚಾ ಭಾಳ ಚೇಷ್ಟಿ ಮನಶಾ. ಮೊದಲನೇ ದಿನ ಮಷೀನ್ ಮ್ಯಾಲಿಂದ ತಲಿ ಎತ್ತದನ ಕೇಳಿದ್ರು, "ಕ್ಯಾ ಮಿಯಾ, ನಿನ್ನ ಡಬ್ಬಿಗಿ ನಾಡಿ ಹಿಡ್ಯಾಕ ಬರತೈತೇನ?"

ಚಾಚಾ ಚೇಷ್ಟಿ ಮಾಡಿದ್ರೂ ಅದ ಆತು. ಮಾಲಿನ ರೇಟ್ ಕೇಳಾಕ ಅಡತಿ ಅಂಗಡಿಗಿ ಫೋನ್ ಮಾಡಾವ್ರಕಿಂತ ಡಾಕ್ಟರಿಗಿ ಮಾಡಾವ್ರ ಹೆಚ್ಚಾದ್ರು. ಮಿರಜದಾಗ ಒಬ್ಬ ಹಿರಿ ಡಾಕ್ಟರ್ ಇದ್ರು, ಮುದುಕರು. ಒಮ್ಮೆ ಅವರ ಹತ್ರ ಹೋಗಿ ಬಂದ ಪೇಶಂಟು ಮತ್ತ ಜ್ವರ ಬಂದ್ರ, ಹೊಲಿಗಿ ಬಾತ್ರ ಬೂತಿಗಿ ಬರೂದು, "ನೀನ ಕೇಳಪಾ, ನಮಗ ಅವರ ಮರಾಠಿ ತಿಳಿಯಾಂಗಿಲ್ಲ" ಅನ್ನೂದು. ನಾ ಇಲ್ಲಿ ಕನ್ನಡದಾಗ ಕೇಳಿ ಅಲ್ಲಿ ಮರಾಠಿದಾಗ ಹೇಳ್ತಿದ್ನಿ. ಒಂದು ಸರ್ತಿ ಸೋನ್ಯಾಳದಾಂವ ಒಬ್ಬ ಹೊಟ್ಟಿ ಹಿಡಕೊಂಡು ಬಂದಿದ್ದ. ನಾ ಏನೇನೋ ಹೇಳಾಕತ್ತಿದ್ನಿ. ಆ ಕಡಿಂದ ಡಾಕ್ಟರು ಸಿಟ್ಟಿಗೆದ್ದು ಅಂದ್ರು, "ಮಾತು ಬಾಜೂಕ ಇಡು. ಅಂವ ಕೈ ಎಲ್ಲಿ ಇಟ್ಟಾನ ಅದನ್ನ ಹೇಳು." ನಾ ತಿರುಗಿ ನೋಡಿದ್ನಿ. ಬಲಗಡಿ, ಕೆಳಗ. ಅಷ್ಟ ಹೇಳಿದ್ನಿ. "ಈಗಿಂದೀಗ ಕಳಸು" ಅಂದ್ರು. ಕರುಳಿನ ಆಪರೇಶನ್ ಆಗಿ ಅಂವ ಉಳದ. ಆಮ್ಯಾಲ ಅವ್ರು ಪ್ರತಿ ಫೋನಿಗೂ ಮೊದಲು ಅದನ್ನ ಕೇಳಾವ್ರು, "ಕೈ ಎಲ್ಲೈತಿ?" ಮಂದಿ ಬಾಯಿ ತಪ್ಪತೈತಿ, ಕೈ ತಪ್ಪಾಂಗಿಲ್ಲ ಅನ್ನೂದು ಅವರ ಲೆಕ್ಕ.

ಇದನ್ನ ನಾ ಮರೀಬಾರದಿತ್ತು.

ಎರಡು ಸಾವಿರದ ಇಸ್ವಿ ಈಚಿಕಿ ಮೊಬೈಲ್ ಬಂದು ಬೂತಿಗಿ ಬರೂ ಮಂದಿ ಕಡಿಮಿ ಆದ್ರು. ಅದ ವ್ಯಾಳ್ಯಾದಾಗ ತಾಲೂಕಿನ ಊರಾಗಿನ ಒಂದು ದವಾಖಾನಿಯವರು ಟೀವಿ ಮ್ಯಾಲ ಡಾಕ್ಟರಿಗಿ ತೋರಸೂ ಒಂದು ಖೋಲಿ ಮಾಡಿದ್ರು. ಮ್ಯಾಲ ಛಾವಣಿಗಿ ದೊಡ್ಡ ಛತ್ರಿ ಬೋರಲು ಹಾಕಿದಂಥಾ ಒಂದು ಡಿಶ್. ಖೋಲ್ಯಾಗ ಒಂದು ಟೀವಿ, ಅದರ ತಲಿ ಮ್ಯಾಲ ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದು ಎಸಿ. ವಾರಕ್ಕ ಒಮ್ಮೆ, ಮಂಗಳವಾರ, ಒಂದು ತಾಸು, ಪುಣೆದಾಗ ಕುಂತ ದೊಡ್ಡ ಡಾಕ್ಟರು ಆ ಟೀವ್ಯಾಗ ಬರೂದು. ಎರಡು ಭಾಷಾ ಬರೂ, ಟೈಪ್ ಮಾಡೂ ಮನಶಾ ಬೇಕಾಗಿತ್ತು. ನಾ ಹೋದ್ನಿ. ಟೈಪ್ ನನಗ ಒಂದ ಬೆರಳಿಲೆ ಬರ್ತಿತ್ತು, ಈಗೂ ಹಂಗ. ಆದ್ರ ಬ್ಯಾರೆ ಯಾರೂ ಬಂದಿದ್ದಿಲ್ಲ.

ಕೆಲಸ ಹಿಂಗಿತ್ತು. ಪೇಶಂಟು ಕುರ್ಚಿ ಮ್ಯಾಲ ಕುಂದ್ರೂದು. ನಾ ಕಂಪ್ಯೂಟರಿನ್ಯಾಗ ಒಂದು ಫಾರ್ಮ್ ತುಂಬೂದು. ಅದು ಮರಾಠಿ ಫಾರ್ಮ್. ಹೆಸರು, ವಯಾ, ಊರು ಆದಮ್ಯಾಲ ಒಂದು ಕಾಲಂ ಇತ್ತು, "ತಕ್ರಾರ" ಅಂತ. ಮರಾಠಿದಾಗ ಡಾಕ್ಟರು ತಕ್ರಾರ ಅಂದ್ರ ಏನು ತ್ರಾಸ ಆಗಾಕತ್ತೈತಿ ಅಂತ ಕೇಳಿದಂಗ. ಮೊದಲನೇ ಮಂಗಳವಾರ ಬಾಲಗಾಂವದ ಒಬ್ಬ ಅಜ್ಜ ಬಂದು ಕುಂತಿದ್ದ.

"ಅಜ್ಜಾ, ತಕ್ರಾರ ಏನೈತಿ ಹೇಳ್ರಿ."

"ನಂದೇನ ತಕ್ರಾರ ಇಲ್ಲಪಾ. ಬದುವಿಂದು ಇತ್ತು, ಅದು ಕೋರ್ಟಿನ್ಯಾಗ ಮುಗದೈತಿ."

"ಹೊಲದ್ದಲ್ರಿ, ಮೈಯಾಗಿಂದು."

"ಮೈ ಮ್ಯಾಲ ಯಾಂವ ತಕ್ರಾರ ಮಾಡ್ತಾನೋ? ಇದ್ದದ್ದು ಇದೊಂದ ನಂದು!"

ಹೊರಗ ಬಾಕಿನ ಮ್ಯಾಲ ಕುಂತವರೆಲ್ಲಾ ನಕ್ರು, ನಾನೂ ನಕ್ನಿ. ಟೀವ್ಯಾಗಿನ ಡಾಕ್ಟರು ಯಾಕ ನಗ್ತಾರಂತ ತಿಳೀದ ಸುಮ್ಮ ನೋಡಾಕತ್ತಿದ್ರು. ಮನಿಗಿ ಬಂದು ವೈನಿಗಿ ಹೇಳಿದ್ನಿ. ಅವ್ರು ರೊಟ್ಟಿ ಬಡಿಯೂದು ಬಿಟ್ಟು ನಕ್ಕು ನಕ್ಕು ಕಣ್ಣು ಒರಸಿಕೊಂಡ್ರು. ಅವತ್ತ ನನಗ ತಿಳೀಬೇಕಾಗಿತ್ತು. ಎರಡು ಭಾಷಾದಾಗೂ ಇರೂ ಶಬ್ದದಾಗ ಹಾವು ಇರತೈತಿ. ಗೊತ್ತಿಲ್ಲದ ಶಬ್ದ ಆದ್ರ ಕೇಳಿ ತಿಳಕೋತೀವಿ. ಗೊತ್ತಿದ್ದದ್ದನ್ನ ಯಾರು ಕೇಳ್ತಾರ?

ಆ ಖೋಲಿ ಬಗ್ಗೆ ನನಗ ಮೊದಲಿಂದೂ ಅಂಜಿಕಿ ಇತ್ತು. ಡಾಕ್ಟರ ತುಟಿ ಮೊದಲು ಅಲುಗಾಡ್ತಿತ್ತು, ಧ್ವನಿ ಆಮ್ಯಾಲ ಬರ್ತಿತ್ತು. ನಾವು ಮಾತಾಡೂದು ಅವರಿಗಿ ಹಂಗ ತಡಾ ಆಗಿ ಮುಟ್ಟತಿತ್ತು. ಹಿಂಗಾಗಿ ಒಬ್ಬರ ಮಾತಿನ ಮ್ಯಾಲ ಒಬ್ಬರ ಮಾತು ಬೀಳೂದು. ನಡುವ ಚಿತ್ರ ನಿಂತು ಬಿಡ್ತಿತ್ತು, ಡಾಕ್ಟರ ಬಾಯಿ ತಗದದ್ದು ತಗದಂಗ. ಲೋಡ್‌ಶೆಡ್ಡಿಂಗ್ ಆದ್ರ ಅದೂ ಇಲ್ಲ. ಮತ್ತ ಕ್ಯಾಮೆರಾದಾಗ ಪೇಶಂಟಿಂದು ಬರೇ ಮಾರಿ ಕಾಣತಿತ್ತು, ಕೊರಳಿನ ತನಕ. ಕೈ ಕಾಣತಿದ್ದಿಲ್ಲ.

ಒಂದು ವರ್ಷ ಆಗಿರಬೇಕು. ವೈನಿ ಒಂದಿನ ಅಂಗಳದಾಗ ಕೊಡ ಇಳಿಸಿ ಹಂಗ ಗ್ವಾಡಿಗಿ ಬೆನ್ನು ಆನಿಸಿ ಕುಂತ್ರು. "ಏನ್ರಿ ವೈನಿ?" ಅಂದ್ನಿ. "ಏನಿಲ್ಲೋ ತಮ್ಮಾ, ಸಂಕಟ ಆಗತೈತಿ ಒಂದೊಂದ ಸರ್ತಿ. ಹೋಗತೈತಿ" ಅಂದ್ರು. ಅಣ್ಣ ಎಸ್‌ಟಿ ಡ್ರೈವರ್, ವಾರದಾಗ ಎರಡು ದಿನ ಮನ್ಯಾಗ. ನಾನ ಗಂಟು ಬಿದ್ನಿ, "ನಮ್ಮ ಟೀವಿ ಡಾಕ್ಟರಿಗಿ ತೋರಸೂಣು ಬರ್ರಿ." ವೈನಿ ಒಲ್ಲೆ ಅಂದ್ರು. ಆಮ್ಯಾಲ ಹೊಸಾ ಸೀರಿ ಉಟ್ಟು ಬಂದ್ರು. ಟೀವ್ಯಾಗ ಹೋಗೂದಲ್ಲಾ ಅಂತ.

ಕುರ್ಚಿ ಮ್ಯಾಲ ಕುಂತು ತಲಿ ತುಂಬ ಸೆರಗು ಹೊದ್ದುಕೊಂಡ್ರು. ಎದುರಿಗಿ ಟೀವ್ಯಾಗ ಗುರುತಿಲ್ಲದ ಒಬ್ಬ ಗಂಡಸು, ಬಾಜೂಕ ಮೈದುನಾ ನಾನು. ನಮ್ಮ ಕಡೆ ಹೆಣ್ಣಮಕ್ಕಳು ಮೈದುನನ ಮುಂದ 'ಎದಿ' ಅನ್ನೂ ಶಬ್ದ ಬಾಯಾಗ ತರೂದಿಲ್ಲ. ಇದು ಯಾರಿಗೂ ಕಲಿಸಿ ಬರೂದಲ್ಲ.

"ವೈನಿ, ಏನಾಗತೈತಿ ಹೇಳ್ರಿ."

"ಒಳಗ ಸಂಕಟ ಆಗತೈತಿ."

ನಮ್ಮ ಮಾತಿನ್ಯಾಗ ಸಂಕಟ ಅಂದ್ರ ಏನಂತ ಓದಾವ್ರಿಗಿ ಗೊತ್ತೈತಿ. ಎದ್ಯಾಗ ಹಿಂಡಿದಂಗ, ಒತ್ತಿದಂಗ, ಜೀವಕ್ಕ ಸಮಾಧಾನ ಇಲ್ದಂಗ. ಅದು ಮೈಯಾಗಿನ ತ್ರಾಸ. ಮರಾಠಿದಾಗೂ ಅದ ಶಬ್ದ ಐತಿ, ಅದ ಅಕ್ಷರ. ಆದ್ರ ಅಲ್ಲಿ ಸಂಕಟ ಅಂದ್ರ ಆಪತ್ತು. ಮನಿ ಮ್ಯಾಲ ಬಂದ ಕಷ್ಟ. ಮೈಗೂ ಅದಕ್ಕೂ ಸಂಬಂಧಿಲ್ಲ.

ನಾ ತಲಿ ಬಗ್ಗಿಸಿ ಕೀಬೋರ್ಡಿನ್ಯಾಗ ಅಕ್ಷರ ಹುಡುಕಾಕತ್ತಿದ್ನಿ. ಸ, ಅದರ ಮ್ಯಾಲಿನ ಚುಕ್ಕಿ, ಕ, ಟ. ತಕ್ರಾರ ಕಾಲಂದಾಗ 'ಸಂಕಟ' ಅಂತ ಟೈಪ್ ಮಾಡಿದ್ನಿ. ಬಾಯಿಲೇನೂ ಅದನ್ನ ಹೇಳಿದ್ನಿ. ಒಂದು ಶಬ್ದನೂ ಬದಲಿ ಮಾಡಲಿಲ್ಲ, ಹೆಂಗ ಅಂದಿದ್ರೋ ಹಂಗ. ನಾ ಭಾಳ ನೀಟ್ ಕೆಲಸ ಮಾಡೀನಂತ ಅನಿಸಿತ್ತು.

ಡಾಕ್ಟರು ಸ್ವಲ್ಪ ತಡದು ನಕ್ರು. ಭಾಳ ಮೆತ್ತಗ ಕೇಳಿದ್ರು, ಏನು ಸಂಕಟ ಬಂದೈತಿ, ಮನ್ಯಾಗ ಏನರ ಐತ್ಯಾ?

ನಾ ವೈನಿಗಿ ಹೇಳಿದ್ನಿ, "ಮನ್ಯಾಗ ಏನರ ತ್ರಾಸ ಐತ್ಯಾ ಅಂತ ಕೇಳ್ತಾರ."

ವೈನಿ ಕಣ್ಣು ತುಂಬಿ ಬಂದ್ವು. "ಸಣ್ಣ ಮಗಳ ಅತ್ತಿಮನಿಯವ್ರು ಪಂಚಮಿಗೂ ಅಕಿನ ಕಳಸಲಿಲ್ಲಂತ ಹೇಳೋ" ಅಂದ್ರು. ಹೇಳಿದ್ನಿ. ಡಾಕ್ಟರು ತಲಿ ಅಲ್ಲಾಡಿಸಿದ್ರು. ಟೆನ್ಶನ್ ತಗೋಬ್ಯಾಡ್ರಿ, ನಿದ್ದಿಗಿ ಒಂದು ಗುಳಿಗಿ ಬರದೀನಿ, ತಿಂಗಳ ಬಿಟ್ಟು ಬರ್ರಿ ಅಂದ್ರು. ಹೊರಗ ಬಂದಾಗ ವೈನಿ ಮಾರಿ ಅರಳಿತ್ತು. "ಎಷ್ಟು ಚಲೋ ಡಾಕ್ಟರೋ. ಮನಿ ಸುದ್ದಿ ಕೇಳ್ತಾನ."

ಎರಡು ವಾರ ಆಗಿ ಮ್ಯಾಲ ಒಂದೆರಡು ದಿನಕ್ಕ, ಅಮಾಸಿ ದಿನ, ಮುಂಜಾನಿ ನಾ ಖೋಲ್ಯಾಗ ಹಳೇ ಫಾರ್ಮ್ ಪ್ರಿಂಟ್ ತಗದು ಜೋಡಸಾಕತ್ತಿದ್ನಿ. ನಮ್ಮ ನರ್ಸಬಾಯಿ ಸಾತಾರಾ ಕಡಿಯವ್ರು, ಕನ್ನಡ ಒಂದಕ್ಷರ ಬರಾಂಗಿಲ್ಲ. ಅವ್ರು ಒಂದು ಹಾಳಿ ಎತ್ತಿ ನೋಡಿ, ಕಳವಳದಿಂದ ಕೇಳಿದ್ರು, "ತುಮಚ್ಯಾ ವಹಿನೀವರ ಕಾಯ ಸಂಕಟ ಆಲಂ ಹೋ?" ನಿಮ್ಮ ವೈನಿ ಮ್ಯಾಲ ಏನು ಕಷ್ಟ ಬಂತು ಅಂತ.

"ಕಷ್ಟ ಅಲ್ರಿ" ಅಂದ್ನಿ ಮರಾಠಿದಾಗ, "ಸಂಕಟ. ಹಿಂಗ, ಒಳಗ, ಹಿಂಡಿದಂಗ..." ಅಂತ ನನ್ನ ಎದಿ ಮ್ಯಾಲ ಮುಷ್ಟಿ ಇಟ್ಟು ತೋರಿಸಿದ್ನಿ.

ನರ್ಸಬಾಯಿ ಕೈಯಾಗಿನ ಹಾಳಿ ಕೆಳಗಿಟ್ರು. "ಮಗ ಛಾತೀತ ದುಖತಂ ಮ್ಹಣಾಯಚಂ ನಾ!" ಎದಿನೋವು ಅಂತ ಹೇಳಬೇಕಿತ್ತಲ್ಲಾ!

ನನ್ನ ಮುಷ್ಟಿ ಎದಿ ಮ್ಯಾಲ ಹಂಗ ಇತ್ತು. ಆಗ ನನಗ ನೆನಪಾತು. ಅವತ್ತ ಕುರ್ಚಿ ಮ್ಯಾಲ ವೈನಿ ಕೈ ಸೆರಗಿನ ಒಳಗಿತ್ತು. ಇದ ಜಾಗಾದಾಗ. ಬಟ್ಟಿ ಮ್ಯಾಲ ಉಬ್ಬಿ ಕಾಣತಿತ್ತು. ನಾ ಅದನ್ನ ನೋಡಿದ್ನಿ, ಆದ್ರ 'ಸ' ಎಲ್ಲೈತಿ ಅಂತ ಹುಡುಕಾಕತ್ತಿದ್ನಿ.

ಆ ಮುಂಜಾನಿ ವೈನಿ ಓಣಿ ಹೆಣ್ಣಮಕ್ಕಳ ಕೂಡ ಗುಡ್ಡಾಪುರಕ್ಕ ಹೊಂಟಿದ್ರು, ದಾನಮ್ಮನ ಗುಡಿಗಿ. ನಡಕೋತ. ಮಗಳನ್ನ ಕಳಸಲಿ ಅಂತ ಬೇಡಿಕೊಂಡಿದ್ರು. ಟೀವಿ ಡಾಕ್ಟರು ಟೆನ್ಶನ್ ಬ್ಯಾಡ ಅಂದಾರಲ್ಲಾ, ನಡದ್ರ ಮನಸು ಹಗುರ ಆಗತೈತಿ ಅಂತ ನಾನ ಬುತ್ತಿ ಚೀಲ ಕೈಯಾಗ ಕೊಟ್ಟು ಕಳಿಸಿ ಬಂದಿದ್ನಿ.

ಊರಿಗಿ ಹೆಂಗ ಬಂದ್ನೋ ನೆನಪಿಲ್ಲ. ಚಾಚಾರ ಅಂಗಡಿ ಮುಂದ ನಿಂತು ಅವರ ಲೂನಾ ಗಾಡಿ ಕೇಳಿದ್ನಿ. ವೈನಿ ಹಿಂದ ಹೋಗಬೇಕು ಅಷ್ಟ ಅಂದ್ನಿ. ಚಾಚಾ ಒಂದು ಸರ್ತಿ ನನ್ನ ಕೈ ನೋಡಿದ್ರು. ಹೊಲಿಯೂ ಬಟ್ಟಿ ಮಷೀನಿನ್ಯಾಗ ಬಿಟ್ಟು ಎದ್ರು. "ಹಿಂದ ಕುಂದ್ರು. ನಿನ್ನ ಕೈಯಾಗ ಕೊಟ್ರ ಲೂನಾ ಹಳ್ಳದಾಗ ಹೋಗತೈತಿ."

ಬಿಸಿಲು ಏರಿತ್ತು. ರಸ್ತಾದ ಎರಡೂ ಕಡೆ ಬರೇ ಕಲ್ಲು, ಜಾಲಿ ಗಿಡ. ಮುಂದ ಹೆಣ್ಣಮಕ್ಕಳ ಒಂದು ಗುಂಪು ಕಂಡಾಗೊಮ್ಮೆ ನಾ ಎದ್ದು ನಿಂತು ನೋಡ್ತಿದ್ನಿ. ಇವ್ರಲ್ಲ. ಮತ್ತೊಂದು ಗುಂಪು. ಇವ್ರೂ ಅಲ್ಲ. ನಾ ಚಾಚಾರ ಬೆನ್ನಿಗಿ ಹೇಳಾಕತ್ತಿದ್ನಿ, "ನಾ ಸಂಕಟ ಅಂದ್ನಿ ಚಾಚಾ, ಅದ ಶಬ್ದ ಅಂದ್ನಿ." ಚಾಚಾ ಒಮ್ಮೆ ಅಷ್ಟ ಅಂದ್ರು, "ಈಗ ಬಾಯಿ ಮುಚ್ಚು, ಕಣ್ಣು ತಗಿ."

ಸೋನ್ಯಾಳ ದಾಟಿದಮ್ಯಾಲ ನಮ್ಮ ಓಣಿ ಗುಂಪು ಸಿಕ್ಕಿತು. ವೈನಿ ಅದರಾಗ ಇದ್ದಿದ್ದಿಲ್ಲ. "ಹಿಂದ ಕುಂತಾಳ" ಅಂದ್ಲು ಒಬ್ಬಾಕಿ, "ಸಂಕಟ ಆಗತೈತಿ, ನೀವು ಮುಂದ ನಡೀರಿ, ಸಾವಕಾಶ ಬರ್ತೀನಿ ಅಂದ್ಲು."

ನಾವು ಅವರನ್ನ ದಾಟಿ ಬಂದಿದ್ವಿ. ರಸ್ತಾ ನೋಡೂದ್ರಾಗ ಗಿಡದ ನೆಳ್ಳು ನೋಡಿದ್ದಿಲ್ಲ.

ತಿರುಗಿ ಬಂದ್ವಿ. ಒಂದು ಬೇವಿನ ಗಿಡದ ಬುಡಕ ವೈನಿ ಬೊಡ್ಡಿಗಿ ತಲಿ ಆನಿಸಿ ಕುಂತಿದ್ರು. ಕಣ್ಣು ಮುಚ್ಚಿದ್ವು. ಬಾಜೂಕ ಬುತ್ತಿ ಚೀಲ. ಮಾರಿ ಬೂದಿ ಬಣ್ಣ, ಅದರ ಮ್ಯಾಲ ಬೆವರು ಹನಿ ಹನಿ. ನಾ ಹತ್ರ ಹೋಗಲಿಲ್ಲ. ಹೋದ್ರ ಗೊತ್ತಾಗತೈತಿ ಅಂತ ಅಲ್ಲೇ ನಿಂತ್ನಿ. ನಿಂತಷ್ಟು ಹೊತ್ತು ಅವ್ರು ಸತ್ತಿಲ್ಲ ಅನ್ನೂದು ಇರತೈತಿ.

ಚಾಚಾ ಹೋಗಿ ಬಗ್ಗಿ ಕರದ್ರು, "ಭಾಭೀ! ಏ ಭಾಭೀ!"

ವೈನಿ ಕಣ್ಣು ತಗದ್ರು. ಸ್ವಲ್ಪ ಹೊತ್ತು ನೋಡಿ ಅಂದ್ರು, "ಟೇಲರ್ ಮಾಮಾ, ನನ್ನ ಜಂಪರ್ ಹೊಲದ್ರೇನು? ಅದನ್ನ ಕೊಡಾಕ ಇಲ್ಲಿತನಾ ಬಂದ್ರ್ಯಾ?"

ಚಾಚಾ ನಗಾಕ ಹೋಗಿ ಮಾರಿ ಆ ಕಡೆ ತಿರುಗಿಸಿಕೊಂಡ್ರು.

ಈಗ ನಾ ಕೈ ನೋಡಿದ್ನಿ. ಬಲಗೈ ಮುಷ್ಟಿ ಎದಿ ನಡುವ. ಎಡಗೈ ಬ್ಯಾರೆ ಯಾರದೋ ಕೈಯಂಗ ತೊಡಿ ಮ್ಯಾಲ ಬಿದ್ದಿತ್ತು. ನನ್ನ ಮೊಬೈಲಿಗಿ ಅಲ್ಲಿ ರೇಂಜ್ ಇಲ್ಲ. ಟೀವಿ ಡಾಕ್ಟರ ನಂಬರ್ ನನ್ನ ಹತ್ರ ಇಲ್ಲ, ಇದ್ರೂ ಅವತ್ತ ಮಂಗಳವಾರ ಅಲ್ಲ. ಅವ್ರು ವಾರಕ್ಕ ಒಂದು ತಾಸು ಮಾತ್ರ ಇರೂ ಮನಶಾ. ರಸ್ತಾದ ಆಚಿಕಿ ದಿಬ್ಬದ ಮ್ಯಾಲ ಓಡಿ ಹತ್ತಿದ್ನಿ. ಎರಡು ಕಡ್ಡಿ ರೇಂಜ್ ಬಂತು. ಬೂತಿನ ದಿನದಾಗ ದಿನಾ ಒತ್ತಿದ ಮಿರಜದ ನಂಬರ್ ಬೆರಳಿಗಿ ಗೊತ್ತಿತ್ತು. ಆ ಮುದುಕ ಡಾಕ್ಟರು ಇನ್ನೂ ಇದ್ದಾರೋ ಇಲ್ಲೋ ಅದು ಗೊತ್ತಿದ್ದಿಲ್ಲ.

ಇದ್ರು. ಧ್ವನಿ ತೆಳ್ಳಗಾಗಿತ್ತು. ನಾ ಮಾತು ಚಾಲೂ ಮಾಡೂದ್ರಾಗ ಅಂದ್ರು, "ಕೈ ಎಲ್ಲೈತಿ?"

"ಎದಿ ನಡುವ. ಮುಷ್ಟಿ."

ಡಾಕ್ಟರು ಲಗೂ ಲಗೂ ಹೇಳಿದ್ರು. "ಒಂದು ಹೆಜ್ಜಿನೂ ನಡಸಬ್ಯಾಡ. ನೀರಾಗ ಕರಗಸೂ ತಲಿನೋವಿನ ಗುಳಿಗಿ ಯಾರ ಹತ್ರರ ಇದ್ರ ಅಗದು ತಿನ್ನಾಕ ಹೇಳು. ಗಾಡಿ ಮಾಡಿ ಕರಕೊಂಡು ಬಾ. ನಾ ಇಲ್ಲಿ ದವಾಖಾನ್ಯಾಗ ಹೇಳಿ ಇಡ್ತೀನಿ."

ಗುಡ್ಡಾಪುರದಿಂದ ಖಾಲಿ ತಿರುಗಿದ ಒಂದು ಜೀಪ್‌ನ್ನ ಚಾಚಾ ರಸ್ತಾಕ್ಕ ಅಡ್ಡ ನಿಂತು ನಿಲ್ಲಿಸಿದ್ರು. ಗುಳಿಗಿ ಜೀಪಿನ ಡ್ರೈವರ್ ಹತ್ರನ ಇತ್ತು. ಮಿರಜ ಮುಟ್ಟೂತನಾ ವೈನಿ ತಲಿ ನನ್ನ ತೊಡಿ ಮ್ಯಾಲ. ಕವಠೆಮಹಾಂಕಾಳ ದಾಟುವಾಗ ಅವ್ರು ಕಣ್ಣು ಮುಚ್ಚಿದ್ದಂಗ ಕೇಳಿದ್ರು, "ಡಾಕ್ಟರು ಟೆನ್ಶನ್ ಅಂದಿದ್ರಲ್ಲೋ ತಮ್ಮಾ?"

ನಾ ಹೇಳಿದ್ನಿ. ಆಗ ಹೇಳದಿದ್ರ ಮುಂದ ಹೇಳಾಕ ಆಗತೈತೋ ಇಲ್ಲೋ ಅಂತ ಅಂಜಿ ಹೇಳಿದ್ನಿ.

"ನೀ ಏನಂದಿದ್ದಿ?"

"ಸಂಕಟ ಅಂದಿದ್ನಿ."

"ನಾನೂ ಅದನ್ನ ಅಂದಿದ್ನಲ್ಲಾ."

"ಹೌದ್ರಿ ವೈನಿ. ಅವರ ಮಾತಿನ್ಯಾಗ ಅದು ಬ್ಯಾರೆ."

ಎರಡು ಸರ್ತಿ ನಾ ಬಗ್ಗಿ ಮೂಗಿನ ಹತ್ರ ಬೆರಳು ಹಿಡದು ನೋಡಿದ್ನಿ. ಎರಡನೇ ಸರ್ತಿ ಅವ್ರು ಅಂದ್ರು, "ಅದಕ್ಕ ಮಗಳ ಸುದ್ದಿ ಕೇಳಿದ್ನೇನು ಅಂವ. ನಾ ಚಲೋ ಮನಶಾ ಅಂದಿದ್ನಿ." ಮತ್ತ, "ಬೆರಳು ತಗಿ. ನೀ ಏರಸೂ ನಶ್ಯಾಪುಡಿ ವಾಸನಿ ಹೊಡ್ಯಾಕತ್ತೈತಿ."

ಬದುಕಿದ್ರು. ಆದ್ರ ಹೃದಯದ ಒಂದು ಭಾಗ ಕೆಲಸ ಬಿಟ್ಟೈತಿ ಅಂತ ಮಿರಜದಾಗ ಡಾಕ್ಟರು ಹೇಳಿದ್ರು. ಭಾರ ಎತ್ತಬಾರದು, ದೂರ ಪ್ರಯಾಣ ಮಾಡಬಾರದು, ತಿಂಗಳಿಗೊಮ್ಮೆ ಡಾಕ್ಟರಿಗಿ ತೋರಸಬೇಕು. "ಹತ್ರ ತೋರಸಾಕ ಏನರ ಸೋಯಿ ಐತ್ಯಾ?" ಅಂತ ಕೇಳಿದ್ರು. ಐತಿ. ಅದ ಖೋಲಿ. ಅದ ಟೀವಿ. ಅದ ನಾನು.

ನಾ ಕೆಲಸ ಬಿಡ್ತೀನಂತ ಮನ್ಯಾಗ ಹೇಳಿದ್ನಿ. ಅಣ್ಣ ಆ ದಿನದಾಗ ನನ್ನ ಮಾರಿ ನೋಡಿ ಮಾತಾಡೂದು ಕಡಿಮಿ ಮಾಡಿದ್ದ. ವೈನಿ ಹಾಸಿಗ್ಯಾಗ ಕುಂತಲ್ಲಿಂದ ಅಂದ್ರು, "ಬಿಡು. ಹೊಸಾಬ ಬರ್ತಾನ. ಅಂವ ಕಲ್ಯಾಕೂ ನನ್ನಂಥಾಕಿ ಒಬ್ಬಾಕಿ ಬೇಕಾಗತೈತಿ."

ಬಿಡಲಿಲ್ಲ. ಒಂದು ವಹಿ ಮಾಡಿದ್ನಿ, ಎರಡೂ ಕಡೆ ಇರೂ ಶಬ್ದ ಬರಿಯಾಕ. ಸಂಕಟ ಮೊದಲನೇದು. ತಕ್ರಾರ. ತಾಪ, ನಾವು ಅಂದ್ರ ಬಿಸಿಲಿಂದು, ಅವ್ರು ಅಂದ್ರ ಜ್ವರ. ಪಾಯ, ನಮಗ ಮನಿ ಬುನಾದಿ, ಅವರಿಗಿ ಕಾಲು. ಅಂಥಾ ಶಬ್ದ ಬಂದಾಗ ನಾ ಟೈಪ್ ಮಾಡೂದು ನಿಲ್ಲಿಸಿ ಮತ್ತ ಕೇಳ್ತಿದ್ನಿ. ಕ್ಯಾಮೆರಾದ ಬುಡಕ ಒಂದು ಕಟಗಿ ತುಂಡು ಕೊಟ್ಟು ಮಾರಿ ಕೆಳಗ ಬಗ್ಗಿಸಿದ್ನಿ, ಪೇಶಂಟಿನ ಕೈ ಕಾಣೂ ಹಂಗ.

ಪುಣೆದಿಂದ ಒಬ್ಬ ಸಾಹೇಬ್ರು ಖೋಲಿ ತಪಾಸ ಮಾಡಾಕ ಬಂದಿದ್ರು. ಆ ಕಟಗಿ ತುಂಡು ಯಾಕ ಅಂತ ಕೇಳಿದ್ರು, ಹೇಳಿದ್ನಿ. ಅವ್ರು ಸಮಾಧಾನ ಮಾಡಿದ್ರು, ಮುಂದ ದೇಶದ ಎಲ್ಲಾ ಹಳ್ಳ್ಯಾಗೂ ಇದು ಬರತೈತಿ, ಆಗ ಕಂಪ್ಯೂಟರ್ ತಾನ ಭಾಷಾ ಬದಲಿ ಮಾಡತೈತಿ, ನಡುವ ಮನಶಾ ಬೇಕಾಗಾಂಗಿಲ್ಲ ಅಂದ್ರು. ಒಳ್ಳೇ ಮನಶಾ, ಮನಸಿನಿಂದ ಹೇಳಿದ್ರು. ನಾ ಕೇಳಿದ್ನಿ, "ಸಾಹೇಬ್ರ, ಎರಡೂ ಕಡೆ ಒಂದ ಶಬ್ದ ಇದ್ರ ಕಂಪ್ಯೂಟರ್ ಅದನ್ನ ಹಂಗ ಬಿಡತೈತೇನ್ರಿ? ನಾನೂ ಹಂಗ ಬಿಟ್ಟಿದ್ನಿ." ಅವ್ರು ಕಟಗಿ ತುಂಡು ನೋಡಿಕೋತ ನಿಂತ್ರು.

ವೈನಿ ಮತ್ತ ಆ ಖೋಲಿಗಿ ಬಂದ ಮೊದಲನೇ ಮಂಗಳವಾರ. ಎರಡು ದಿನದಿಂದ ಅವರಿಗಿ ಅಂಗಳ ದಾಟಿದ್ರ ಒಳಗ ಮತ್ತ ಹಿಂಡಾಕತ್ತಿತ್ತು. ಅವತ್ತ ಹೊಸಾ ಸೀರಿ ಉಟ್ಟಿದ್ದಿಲ್ಲ. ಕುರ್ಚಿ ಮ್ಯಾಲ ಕುಂತ್ರು. ಡಾಕ್ಟರು ಟೀವ್ಯಾಗ ಬಂದ್ರು, ಅದ ಮೆತ್ತಗಿನ ಧ್ವನಿಲೆ ಕೇಳಿದ್ರು, ತಕ್ರಾರ ಏನು. ನಾ ವೈನಿ ಕಡೆ ತಿರುಗಿದ್ನಿ. ಅವ್ರು ನನಗ ಕೈ ಅಡ್ಡ ಹಿಡದ್ರು, ನೀ ಸುಮ್ಮನಿರು ಅಂತ. ಸೆರಗು ಹಿಂದ ಸರಿಸಿದ್ರು. ಮುಷ್ಟಿ ಎತ್ತಿ ಎದಿ ಮ್ಯಾಲ ಇಟ್ರು.

"ಛಾತೀತ ದುಖತಂ" ಅಂದ್ರು.

ಯಾವಾಗ ಕಲತಿದ್ರೋ ಗೊತ್ತಿಲ್ಲ. ಆಮ್ಯಾಲ ನರ್ಸಬಾಯಿ ಹೇಳಿದ್ರು, ವೈನಿ ಹೊರಗ ಬಾಕಿನ ಮ್ಯಾಲ ಕುಂತಾಗ ಎದಿ ಮುಟ್ಟಿ ತೋರಿಸಿ, ತಮ್ಮ ಕಡಿಂದ ಹತ್ತು ಸರ್ತಿ ಅನ್ನಿಸಿ ಕಲತಿದ್ರಂತ. ನನ್ನ ಮುಂದ 'ಎದಿ' ಅನ್ನಾಕ ಅವರಿಗಿ ಜೀವ ಹೋದ್ರೂ ಆಗತಿದ್ದಿಲ್ಲ. 'ಛಾತಿ' ಅನ್ನಾಕ ಆತು. ಬ್ಯಾರೆ ಭಾಷಾದ ಶಬ್ದಕ್ಕ ಮೈ ಇರಾಂಗಿಲ್ಲ, ಅದಕ್ಕ ನಾಚಿಕಿನೂ ಇರಾಂಗಿಲ್ಲ.

ಅಷ್ಟರಾಗ ಚಿತ್ರ ನಿಂತಿತು. ಡಾಕ್ಟರ ಕಣ್ಣು ಅರ್ಧ ಮುಚ್ಚಿದ್ವು, ಒಂದು ಕೈ ಗಾಳ್ಯಾಗ. ವೈನಿಗಿ ಅದು ನಿಂತೈತಿ ಅಂತ ತಿಳೀಲಿಲ್ಲ. ಡಾಕ್ಟರಿಗಿ ಕೇಳಸಲಿಲ್ಲೇನೋ ಅಂತ ಇನ್ನೊಮ್ಮೆ ಅಂದ್ರು, ಜೋರಲೆ. "ಛಾತೀತ ದುಖತಂ!" ಮತ್ತೊಮ್ಮೆ ಅಂದ್ರು. ಹೊರಗ ಬಾಕಿನ ಮ್ಯಾಲ ಯಾರೋ ಕಿಸಕ್ಕಂದ್ರು. ಮೂರನೇದಕ್ಕ ಅವರ ಉಸರು ಸಾಲದಂಗ ಆತು. ನಾ ಟೀವಿ ನೋಡೂದು ಬಿಟ್ನಿ. ಕೀಬೋರ್ಡ್ ಬಾಜೂಕ ಸರಿಸಿದ್ನಿ. ಅವರ ಮುಷ್ಟಿ ಅಷ್ಟ ನೋಡಿಕೋತ ಕುಂತ್ನಿ. ಅದು ಬಟ್ಟಿ ಹಿಡದು ಬಿಗಿ ಆಗಾಕತ್ತಿತ್ತು.

ಚಿತ್ರ ಅಲುಗಾಡಲಿಲ್ಲ. ಧ್ವನಿ ಮೊದಲು ಬಂತು, ಖರಖರ ಅಂತ, ಬಾಂವ್ಯಾಗಿಂದ ಬಂದಂಗ.

"ಐಕೂ ಆಲಂ."

ವೈನಿ ನನ್ನ ಕಡೆ ನೋಡಿದ್ರು. "ಏನಂದ್ರೋ?"

"ಕೇಳಿಸಿತಂತ್ರಿ" ಅಂದ್ನಿ. ಅಂದ್ನೇನೋ ಖರೆ, ಆದ್ರ ಟೀವ್ಯಾಗ ಡಾಕ್ಟರ ಕಣ್ಣು ಇನ್ನೂ ಅರ್ಧ ಮುಚ್ಚಿದ್ದಂಗ ಇದ್ವು. ಬಾಗಲದಾಗ ನಿಂತಿದ್ದ ನರ್ಸಬಾಯಿಗಿ ಕೂಗಿ ಹೇಳಿದ್ನಿ, ಜೀಪ್ ತರಸ್ರಿ ಅಂತ. ಆಮ್ಯಾಲ ಕಿಸೆದಾಗಿಂದ ಮೊಬೈಲ್ ತಗದು ಮಿರಜದ ಮುದುಕ ಡಾಕ್ಟರ ನಂಬರ್ ಒತ್ತಾಕ ಚಾಲೂ ಮಾಡಿದ್ನಿ, ಒಂದು ಕಣ್ಣು ವೈನಿ ಮುಷ್ಟಿ ಮ್ಯಾಲ ಇಟ್ಟು.